ಹೆರಾಲ್ಡ್ ಕ್ಲಚ್ ಬಿಚ್ಚೋದು: ಗುಂಡಿ ಬೇಡ, ಲಿಫ್ಟ್ ಬೇಡ, ಕಾಫಿ ಕಣ ಸಾಕು

ಚಾರ್ಮಾಡಿಯಿಂದ ಕೊಟ್ಟಿಗೆಹಾರಕ್ಕೆ ಹತ್ತುವಾಗ ಎಂಜಿನ್ ಸದ್ದು ಏರಿತು, ಗಾಡಿ ಏರಲಿಲ್ಲ. ಮೂರನೇ ಗೇರಿನಲ್ಲಿ ಎಷ್ಟು ಒತ್ತಿದರೂ ಗೊರ್ ಅಂತ ಕೂಗುತ್ತದೆ ಅಷ್ಟೇ. ಹಿಂದಿದ್ದ ತರಕಾರಿ ಟೆಂಪೋ ಹಾರ್ನ್ ಹೊಡೆದು ನಮ್ಮನ್ನು ದಾಟಿಕೊಂಡು ಹೋಯಿತು. ಆಮೇಲೆ ಬಂತು ಆ ವಾಸನೆ. ಒಮ್ಮೆ ಮೂಗಿಗೆ ಬಡಿದರೆ ಜನ್ಮದಲ್ಲಿ ಮರೆಯಲ್ಲ. ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ತಿನ್ನುತ್ತಾ ಭಾವ ಹೇಳಿಯೇಬಿಟ್ಟರು, "ಕ್ಲಚ್ ಪ್ಲೇಟ್ ಹೋಯ್ತು ಮಾರಾಯ."

ನಮ್ಮದು ಸ್ಟ್ಯಾಂಡರ್ಡ್ ಹೆರಾಲ್ಡ್. ಎರಡು ಬಾಗಿಲು, 948 ಸಿಸಿ ಎಂಜಿನ್, ಮದ್ರಾಸಿನಲ್ಲಿ 1961ರಿಂದ ತಯಾರಾಗುತ್ತಿದ್ದ ಗಾಡಿ. ಇದನ್ನು ಸ್ಪೋರ್ಟ್ಸ್ ಕಾರ್ ಅಂದರೆ ನಗುವವರಿದ್ದಾರೆ, ನಗಲಿ ಬಿಡಿ. ಇಂಗ್ಲೆಂಡಿನ ಟ್ರಯಂಫ್ ಕಂಪನಿ ಇದೇ ಹೆರಾಲ್ಡಿನ ಚಾಸಿಯನ್ನು (ಗಾಡಿಯ ಕೆಳಗಿನ ಕಬ್ಬಿಣದ ಚೌಕಟ್ಟು) ಗಿಡ್ಡ ಮಾಡಿ, 1962ರಲ್ಲಿ ಅದರ ಮೇಲೆ ಸ್ಪಿಟ್‌ಫೈರ್ ಅನ್ನುವ ಎರಡು ಸೀಟಿನ ತೆರೆದ ಸ್ಪೋರ್ಟ್ಸ್ ಕಾರ್ ಮಾಡಿತು. ಎರಡಕ್ಕೂ ರೂಪ ಕೊಟ್ಟವನು ಇಟಲಿಯ ಮಿಕೆಲೊಟ್ಟಿ. ಹಾಗಾಗಿ ಯಾರ ಹತ್ತಿರವಾದರೂ ಸ್ಪಿಟ್‌ಫೈರ್ ಇದ್ದರೆ ಅವರಿಗೂ ಈ ಬರಹ ಹೆಚ್ಚುಕಮ್ಮಿ ಹಾಗೇ ಹೊಂದುತ್ತದೆ.

ಕ್ಲಚ್ ಇರುವುದು ಎಂಜಿನ್ನಿಗೂ ಗೇರ್ ಬಾಕ್ಸಿಗೂ ಮಧ್ಯೆ, ಗೇರ್ ಬಾಕ್ಸ್ ತೆಗೆಯದೆ ಅದು ಕೈಗೆ ಸಿಗಲ್ಲ. ಅದರಲ್ಲಿ ಈ ಎರಡೂ ಗಾಡಿಗಳದ್ದು ಒಂದು ವಿಶೇಷ ಇದೆ. ಬೇರೆ ಗಾಡಿಗಳಲ್ಲಿ ಸಾಮಾನ್ಯವಾಗಿ ಗೇರ್ ಬಾಕ್ಸ್ ಕೆಳಗಿನಿಂದ ಇಳಿಯುತ್ತದೆ. ಅದಕ್ಕೇ ಗುಂಡಿ ಬೇಕು, ಲಿಫ್ಟ್ ಬೇಕು, ಗ್ಯಾರೇಜ್ ಬೇಕು. ಹೆರಾಲ್ಡಿನಲ್ಲಿ ಅದು ಗಾಡಿಯ ಒಳಗಿಂದ, ನಾವು ಕೂರುವ ಜಾಗದಿಂದ ಮೇಲೆದ್ದು ಬಾಗಿಲಿನಿಂದ ಹೊರಗೆ ಬರುತ್ತದೆ. ಕ್ಲಚ್ ಹಿಡಿದುಕೊಂಡಿರುವುದು ಬರೀ ಆರು ಬೋಲ್ಟು. ಅದರ ಹತ್ತಿರ ಹೋಗುವುದಕ್ಕೇ ಎರಡು ದಿನ.

ಮೊದಲು, ನಿಜವಾಗಿಯೂ ಬಿಚ್ಚಲೇಬೇಕಾ?

ಹಿಂದೊಮ್ಮೆ ಗೇರ್ ಬೀಳ್ತಿಲ್ಲ ಅಂತ ಇಡೀ ಗೇರ್ ಬಾಕ್ಸ್ ಇಳಿಸಿಬಿಟ್ಟಿದ್ದೆ. ಒಳಗೆ ಎಲ್ಲ ಚೆನ್ನಾಗಿತ್ತು. ತಪ್ಪಿದ್ದದ್ದು ಸ್ಲೇವ್ ಸಿಲಿಂಡರಿನ (ಪೆಡಲ್ ಒತ್ತಿದಾಗ ಆಯಿಲಿನ ಒತ್ತಡದಲ್ಲಿ ಕ್ಲಚ್ ಬಿಡಿಸುವ ಸಣ್ಣ ಸಿಲಿಂಡರ್) ಒಳಗಿನ ಒಂದು ಸಣ್ಣ ರಬ್ಬರಿನಲ್ಲಿ. ಅದಕ್ಕೆ ಗೇರ್ ಬಾಕ್ಸ್ ಮುಟ್ಟುವುದೇ ಬೇಕಿರಲಿಲ್ಲ. ಹಾಗಾಗಿ ಈ ಭಾಗ ಓದದೆ ಸ್ಪ್ಯಾನರ್ ಹಿಡಿಯಬೇಡಿ.

ಕ್ಲಚ್ ಕಾಯಿಲೆ ಎರಡು ಥರ. ಒಂದು, ಜಾರುವುದು: ಎಂಜಿನ್ ಓಡುತ್ತದೆ, ಗಾಡಿ ಓಡಲ್ಲ. ಇನ್ನೊಂದು, ಬಿಡದಿರುವುದು: ಪೆಡಲ್ ಪೂರ್ತಿ ಒತ್ತಿದರೂ ಗೇರ್ ಹಾಕುವಾಗ ಕರಕರ ಅನ್ನುತ್ತದೆ.

ಜಾರುತ್ತಿದೆಯಾ ಅಂತ ನೋಡುವುದು ಸುಲಭ. ಸಮತಟ್ಟು ಜಾಗದಲ್ಲಿ ಚಕ್ರಕ್ಕೆ ಕಲ್ಲು ಕೊಡಿ, ಹ್ಯಾಂಡ್‌ಬ್ರೇಕ್ ಗಟ್ಟಿಯಾಗಿ ಎಳೆಯಿರಿ, ಗಾಡಿ ಮುಂದೆ ಯಾರೂ ನಿಲ್ಲಬಾರದು. ನಾಲ್ಕನೇ ಗೇರ್ ಹಾಕಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಕ್ಲಚ್ ಮೆಲ್ಲಗೆ ಬಿಡಿ. ಎಂಜಿನ್ ಮುಕ್ಕರಿಸಿ ಆಫ್ ಆಗಬೇಕು. ಆಫ್ ಆಗದೆ ಆರಾಮಾಗಿ ಓಡ್ತಾ ಇದ್ದರೆ ಪ್ಲೇಟ್ ಜಾರುತ್ತಿದೆ. ಇದನ್ನು ಒಂದು ಸಲ ಮಾಡಿದರೆ ಸಾಕು. ನೆಂಟರಿಗೆಲ್ಲ ತೋರಿಸಲು ಮತ್ತೆ ಮತ್ತೆ ಮಾಡಿದರೆ ಉಳಿದ ಪ್ಲೇಟೂ ಸುಟ್ಟುಹೋಗುತ್ತದೆ.

ಕ್ಲಚ್ ಬಿಡುತ್ತಿಲ್ಲ ಅಂದರೆ ಮೊದಲು ಆಯಿಲ್ ಡಬ್ಬಿ ನೋಡಿ. ಹೆರಾಲ್ಡಿನ ಕ್ಲಚ್ ಕೇಬಲ್ಲಿನದಲ್ಲ, ಬ್ರೇಕ್ ಆಯಿಲಿನ ಒತ್ತಡದಲ್ಲಿ ಕೆಲಸ ಮಾಡುತ್ತದೆ. ಡಬ್ಬಿಯಲ್ಲಿ ಆಯಿಲ್ ಇಳಿದಿದೆಯಾ? ಪೆಡಲ್ ಮೇಲೆ, ಮ್ಯಾಟಿನ ಕೆಳಗೆ ಒದ್ದೆ ಇದೆಯಾ? ಸ್ಲೇವ್ ಸಿಲಿಂಡರಿನ ರಬ್ಬರ್ ಟೋಪಿ ಎತ್ತಿದರೆ ಆಯಿಲ್ ಸುರಿಯುತ್ತದಾ? ಹೌದಾದರೆ ರಬ್ಬರ್ ಕಿಟ್ ಹಾಕಿ, ಆಯಿಲ್ ಪೈಪಿನೊಳಗೆ ಸೇರಿದ ಗಾಳಿ ತೆಗೆಯಿರಿ, ಮುಗಿಯಿತು.

ಇನ್ನೊಂದು ನಮ್ಮ ಮಲೆನಾಡಿನದೇ ಕಾಯಿಲೆ. ಜೂನ್‌ನಲ್ಲಿ ಶೆಡ್ಡಿಗೆ ಸೇರಿದ ಗಾಡಿಯನ್ನು ಅಕ್ಟೋಬರ್‌ನಲ್ಲಿ ತೆಗೆದರೆ ಕ್ಲಚ್ ಪ್ಲೇಟ್ ಫ್ಲೈವೀಲಿಗೆ (ಎಂಜಿನ್ ಹಿಂದೆ ತಿರುಗುವ ಭಾರದ ಚಕ್ರ) ಅಂಟಿಕೊಂಡಿರುತ್ತದೆ. ನಾಲ್ಕು ತಿಂಗಳ ತೇವಕ್ಕೆ ತುಕ್ಕು ಹಿಡಿದು ಎರಡೂ ಒಂದಾಗಿರುತ್ತವೆ. ಅದಕ್ಕೂ ಬಿಚ್ಚುವುದು ಬೇಡ. ಪೆಡಲ್ ಒತ್ತಿ, ಸೀಟಿನ ಕಂಬಿಗೂ ಪೆಡಲಿಗೂ ಮಧ್ಯೆ ಒಂದು ಕೋಲು ಆನಿಸಿ ಎರಡು ದಿನ ಬಿಡಿ. ಕೆಲವೊಮ್ಮೆ ತಾನೇ ಬಿಡುತ್ತದೆ. ಬಿಡದಿದ್ದರೆ ಎಂಜಿನ್ ಬಿಸಿ ಮಾಡಿ ಆಫ್ ಮಾಡಿ, ಎದುರಿಗೆ ಖಾಲಿ ಜಾಗ ಇರುವಲ್ಲಿ, ಪೆಡಲ್ ಒತ್ತಿಕೊಂಡೇ ಎರಡನೇ ಗೇರಿನಲ್ಲಿ ಸೆಲ್ಫ್ ಹೊಡೆಯಿರಿ. ಗಾಡಿ ಎಗರಿ ಮುಂದೆ ಹೋಗುತ್ತದೆ. ಹೋಗ್ತಾ ಇರುವಾಗ ಆಕ್ಸಿಲರೇಟರ್ ಒತ್ತಿ ಬಿಟ್ಟು ಮಾಡಿದರೆ ಟಕ್ ಅಂತ ಬಿಡಿಸಿಕೊಳ್ಳುತ್ತದೆ. ಮುಂದಿನ ವರ್ಷ ಮಳೆಗಾಲಕ್ಕೆ ನಿಲ್ಲಿಸುವಾಗಲೇ ಆ ಕೋಲು ಕೊಟ್ಟುಬಿಡಿ.

ಕೊನೆಯದಾಗಿ, ಬಾನೆಟ್ ಎತ್ತಿ (ಹೆರಾಲ್ಡಿನ ಬಾನೆಟ್ ಮಡ್‌ಗಾರ್ಡ್ ಸಮೇತ ಮುಂದಕ್ಕೆ ಬಾಗುತ್ತದಲ್ಲ, ಇಡೀ ಎಂಜಿನ್ ಕಾಣುತ್ತದೆ) ಎಂಜಿನ್ ಆಫ್ ಇರುವಾಗ ಮುಂದಿನ ಪುಲ್ಲಿ ನೋಡ್ತಾ ನಿಲ್ಲಿ. ಇನ್ನೊಬ್ಬರಿಗೆ ಕ್ಲಚ್ ಒತ್ತಿ ಬಿಡಲು ಹೇಳಿ. ಪುಲ್ಲಿ ಹಿಂದೆ ಮುಂದೆ ಕಣ್ಣಿಗೆ ಕಾಣುವಷ್ಟು ಅಲುಗಿದರೆ ಕ್ರ್ಯಾಂಕ್ (ಎಂಜಿನ್ನಿನ ಮುಖ್ಯ ಶಾಫ್ಟ್) ಹಿಂದೆ ಮುಂದೆ ಸರಿಯದಂತೆ ತಡೆಯುವ ಥ್ರಸ್ಟ್ ವಾಷರ್ ಸವೆದಿದೆ ಅಂತ ಅರ್ಥ. ಈ ಎಂಜಿನ್ನಿನ ಹಳೇ ರೋಗ ಅದು. ಹೊಸ ಕ್ಲಚ್ ಹಾಕಿ ಇದನ್ನು ಬಿಟ್ಟರೆ ವಾಷರ್ ಒಂದು ದಿನ ಎಂಜಿನ್ನಿನ ಕೆಳಗಿನ ಆಯಿಲ್ ತೊಟ್ಟಿಗೆ, ಅಂದರೆ ಸಂಪಿನೊಳಗೆ, ಬೀಳುತ್ತದೆ, ಕ್ರ್ಯಾಂಕ್ ಬ್ಲಾಕಿಗೆ ಉಜ್ಜಲು ಶುರುವಾಗುತ್ತದೆ. ಸಿಗ್ನಲ್‌ನಲ್ಲಿ ಕ್ಲಚ್ ಒತ್ತಿಕೊಂಡೇ ಕೂರುವ ಅಭ್ಯಾಸ ಇದ್ದರೆ ಬಿಡಿ, ನ್ಯೂಟ್ರಲ್ ಮಾಡಿ.

ಜಾಗ ಮತ್ತು ಸಾಮಾನು

ಮಣ್ಣಿನ ಮೇಲೆ ಜಾಕ್ ಕೊಡುವುದು ಬೇಡವೇ ಬೇಡ. ಸಿಮೆಂಟು ಹಾಕಿದ ಕಾಫಿ ಕಣ ಈ ಕೆಲಸಕ್ಕೆಂದೇ ಮಾಡಿದ ಹಾಗಿದೆ. ಗಟ್ಟಿ, ಅಗಲ, ಬೆಳಕು ಬೇಕಾದಷ್ಟು. ಆದರೆ ಸಮಯ ನೋಡಿಕೊಳ್ಳಿ. ನವೆಂಬರ್‌ನಲ್ಲಿ ಅರೇಬಿಕಾ ಕುಯ್ಲು ಶುರುವಾದರೆ ಕಣ ನಿಮ್ಮದಲ್ಲ. ಎರಡು ದಿನದ ಕೆಲಸ ಅಂತ ಶುರು ಮಾಡಿ, ಪ್ಲೇಟಿಗೆ ಲೈನಿಂಗ್ ಹಾಕಿಸಿ ತರುವಷ್ಟರಲ್ಲಿ ವಾರ ಕಳೆದು, ನಡುಕಣದಲ್ಲಿ ಸೀಟಿಲ್ಲದ ಗಾಡಿ ನಿಂತಿದ್ದರೆ ಮನೆಯಲ್ಲಿ ಏನು ಕೇಳಬೇಕಾಗುತ್ತದೆ ಅಂತ ನಾನು ಬರೆಯಲ್ಲ.

ಸ್ಪ್ಯಾನರ್ ವಿಷಯ ಮುಖ್ಯ. ಈ ಗಾಡಿಯ ನಟ್ಟು ಬೋಲ್ಟು ಇಂಚಿನ ಲೆಕ್ಕದವು. ಜಾಸ್ತಿ ಬೇಕಾಗುವುದು ಅರ್ಧ ಇಂಚಿನದು, ಜೊತೆಗೆ 7/16 ಮತ್ತು 9/16. ಅರ್ಧ ಇಂಚು ಅಂದರೆ 12.7 ಮಿಲಿಮೀಟರ್. "13ರ ಸ್ಪ್ಯಾನರ್ ಕೂರುತ್ತಲ್ಲ" ಅಂತ ಹಾಕಿ ತಿರುಗಿಸಿದರೆ ಸಡಿಲ ನಟ್ಟು ಬರುತ್ತದೆ, ತುಕ್ಕು ಹಿಡಿದದ್ದು ಮೂಲೆ ಸವೆದು ಗುಂಡಗಾಗುತ್ತದೆ. ಹಳೇ ಗಾಡಿಗಳಲ್ಲಿ ಅರ್ಧ ನಟ್ಟು ಹೀಗೇ ಹಾಳಾಗಿರುತ್ತವೆ. ಬೆಂಗಳೂರಿನ ಜೆ.ಸಿ. ರೋಡಿಗೋ ಶಿವಾಜಿನಗರದ ಗುಜರಿಗೋ ಹೋದಾಗ ಒಂದು ಸೆಟ್ ಇಂಚಿನ ರಿಂಗ್ ಸ್ಪ್ಯಾನರ್ ಮತ್ತು ಸಾಕೆಟ್ ತಂದಿಟ್ಟುಕೊಳ್ಳಿ. ಸಾಕೆಟ್ಟಿಗೆ ಉದ್ದದ ಎಕ್ಸ್‌ಟೆನ್ಶನ್ ರಾಡ್ ಬೇಕೇ ಬೇಕು.

ಉಳಿದದ್ದು: ಒಂದು ಟ್ರಾಲಿ ಜಾಕ್, ಎರಡು ಗಟ್ಟಿ ಸ್ಟ್ಯಾಂಡು, ಸಿಲ್ವರ್ ಓಕ್ ಮರದ ಎರಡು ತುಂಡು, ನಾಲ್ಕೈದು ಖಾಲಿ ಗೋಣಿಚೀಲ, ತುಕ್ಕು ಬಿಡಿಸುವ ಸ್ಪ್ರೇ, ಮಾಸ್ಕ್, ಒಂದು ದೊಡ್ಡ ರಟ್ಟು. ಸಿಮೆಂಟ್ ಬ್ಲಾಕ್ ಮೇಲೆ ಗಾಡಿ ನಿಲ್ಲಿಸಿ ಕೆಳಗೆ ಹೋಗಬೇಡಿ. ಬ್ಲಾಕು ಮುನ್ಸೂಚನೆ ಕೊಡದೆ ಒಡೆಯುತ್ತದೆ.

ರಟ್ಟು ಯಾಕೆ ಅಂದರೆ, ಅದರ ಮೇಲೆ ಗೇರ್ ಬಾಕ್ಸಿನ ಮುಂಭಾಗದ ಸುತ್ತನ್ನು ಪೆನ್ಸಿಲಿನಲ್ಲಿ ಒರಟಾಗಿ ಬರೆದು, ಯಾವ ಬೋಲ್ಟು ಎಲ್ಲಿಂದ ಬಂತೋ ಅಲ್ಲೇ ತೂತು ಮಾಡಿ ಚುಚ್ಚಿಡುತ್ತಾ ಹೋಗಬೇಕು. ಬೋಲ್ಟುಗಳ ಉದ್ದ ಬೇರೆ ಬೇರೆ. ನೆನಪಿರುತ್ತದೆ ಅಂತ ಅನ್ನಿಸುತ್ತದೆ, ಇರಲ್ಲ.

ಗಾಡಿಯ ಒಳಗೆ

ಮೊದಲು ಬ್ಯಾಟರಿಯ ಅರ್ತ್ ವೈರ್ ತೆಗೆಯಿರಿ. ಹಳೇ ಬ್ರಿಟಿಷ್ ಗಾಡಿಗಳಲ್ಲಿ ಅರ್ತ್ ಪ್ಲಸ್ ಕಡೆಗೂ ಇರುತ್ತದೆ. ಬಣ್ಣ ನೋಡಬೇಡಿ, ಯಾವ ವೈರ್ ನೇರ ಬಾಡಿಗೆ ಹೋಗಿದೆಯೋ ಅದನ್ನು ತೆಗೆಯಿರಿ. ಸೆಲ್ಫ್ ಮೋಟಾರಿನ ದಪ್ಪ ವೈರ್ ಮುಟ್ಟುವ ಕೆಲಸ ಮುಂದಿದೆ, ಇದನ್ನು ಮರೆತರೆ ಕಿಡಿ ಹಾರುತ್ತದೆ.

ಸೀಟು ಎರಡನ್ನೂ ಹೊರಗೆ ತೆಗೆಯಿರಿ. ಒಂದೇ ಸಾಕು ಅಂತ ಭಾವ ವಾದ ಮಾಡಿದರು, ಅರ್ಧ ಗಂಟೆ ಆದಮೇಲೆ ಅವರೇ ಎರಡನೆಯದನ್ನೂ ಬಿಚ್ಚಿದರು. ಮ್ಯಾಟು, ಕಾರ್ಪೆಟ್ಟು ಎಲ್ಲ ಎತ್ತಿ ಬಿಸಿಲಿಗೆ ಹಾಕಿ. ಕೆಳಗಿನ ತಗಡು ಹೇಗಿದೆ ಅಂತ ನೋಡಲು ಇದಕ್ಕಿಂತ ಒಳ್ಳೆ ಅವಕಾಶ ಸಿಗಲ್ಲ. ಸ್ಪಿಟ್‌ಫೈರಿನಲ್ಲಿ ಡ್ಯಾಶ್‌ಬೋರ್ಡಿಗೆ ಆನಿಕೆ ಕೊಟ್ಟ ಒಂದು ಕಬ್ಬಿಣದ ಚೌಕಟ್ಟು ಗೇರ್ ಬಾಕ್ಸಿನ ಮೇಲೆ ಕೂತಿರುತ್ತದೆ, ಅದನ್ನೂ ಬಿಚ್ಚಬೇಕು.

ಈಗ ಮಧ್ಯದಲ್ಲಿ ಗೂನಿನ ಹಾಗೆ ಎದ್ದಿರುವ ಕವರ್. ಗೇರ್ ಲಿವರಿನ ಗುಬುಟು ತಿರುಗಿಸಿ ತೆಗೆದು, ರಬ್ಬರ್ ಗವಸು ಎಳೆದು, ಸುತ್ತಲಿನ ಸ್ಕ್ರೂಗಳನ್ನೆಲ್ಲ ಬಿಚ್ಚಿ. ಈ ಕವರ್ ಒತ್ತಿದ ರಟ್ಟಿನಂಥ ವಸ್ತುವಿನದು. ಅರವತ್ತು ವರ್ಷದ ಮಳೆಗೆ ಹಪ್ಪಳದ ಹಾಗೆ ಆಗಿರುತ್ತದೆ, ಮೂಲೆ ಹಿಡಿದು ಎಳೆದರೆ ಮೂಲೆ ಮಾತ್ರ ಕೈಗೆ ಬರುತ್ತದೆ. ಚಪ್ಪಟೆ ಉಳಿ ಅಥವಾ ದೋಸೆ ಎತ್ತುವ ಸಟ್ಟುಗ ಅಂಚಿನಲ್ಲಿ ತೂರಿಸಿ, ಅಂಟಿದ್ದನ್ನು ಸುತ್ತಲೂ ಬಿಡಿಸಿಕೊಂಡು, ಆಮೇಲೆ ಎರಡು ಕೈಯಲ್ಲಿ ಎತ್ತಿ. ನಮ್ಮ ಕವರಿನ ಕೆಳಗೆ ಇಲಿ ಗೂಡಿತ್ತು. ಕಾಫಿ ಸಿಪ್ಪೆ, ಗೋಣಿ ನಾರು, ಯಾವುದೋ ಮದುವೆ ಕರೆಯೋಲೆಯ ಚೂರು, ಎಲ್ಲ ಸೇರಿಸಿ ಅಚ್ಚುಕಟ್ಟಾಗಿ ಕಟ್ಟಿತ್ತು.

ಕವರ್ ತೆಗೆದರೆ ಗೇರ್ ಬಾಕ್ಸ್ ಪೂರ್ತಿ ಕಣ್ಣೆದುರು. ಇಲ್ಲಿಂದ ಕ್ರಮ ತಪ್ಪಿಸಬೇಡಿ.

ಗಾಡಿಯನ್ನು ಜಾಕ್ ಮೇಲೆ ಎತ್ತುವ ಮೊದಲೇ ಪ್ರೊಪೆಲ್ಲರ್ ಶಾಫ್ಟನ್ನು (ಗೇರ್ ಬಾಕ್ಸಿನಿಂದ ಹಿಂದಿನ ಚಕ್ರಗಳ ಕಡೆಗೆ ಹೋಗುವ ಉದ್ದ ಶಾಫ್ಟ್) ಗೇರ್ ಬಾಕ್ಸಿಗೆ ಸೇರಿಸಿರುವ ನಾಲ್ಕು ಬೋಲ್ಟು ಬಿಚ್ಚಿ. ಯಾಕಂದರೆ ನಾಲ್ಕೂ ಒಂದೇ ಸಲಕ್ಕೆ ಕೈಗೆ ಸಿಗಲ್ಲ. ಎರಡು ಬಿಚ್ಚಿ, ಗಾಡಿಯನ್ನು ಒಂದಡಿ ತಳ್ಳಿದರೆ ಶಾಫ್ಟ್ ತಿರುಗಿ ಇನ್ನೆರಡು ಮೇಲೆ ಬರುತ್ತವೆ. ಬಿಚ್ಚುವ ಮುಂಚೆ ಎರಡು ಫ್ಲೇಂಜಿಗೂ (ಬೋಲ್ಟು ಹಿಡಿದಿರುವ ಎರಡು ಬಿಲ್ಲೆ) ಸೇರಿಸಿ ಒಂದು ಗೆರೆ ಬಣ್ಣ ಬಳಿಯಿರಿ, ಹಾಕುವಾಗ ಅದೇ ಜಾಗಕ್ಕೆ ಕೂರಬೇಕು. ಇಲ್ಲದಿದ್ದರೆ ಓಡಿಸುವಾಗ ನಡುಗುವ ಸಾಧ್ಯತೆ ಇದೆ. ಆದಮೇಲೆ ಹ್ಯಾಂಡ್‌ಬ್ರೇಕ್ ಎಳೆದು ಹಿಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ. ಶಾಫ್ಟ್ ಬಿಚ್ಚಿದ ಮೇಲೆ ಗೇರಿನಲ್ಲಿ ನಿಲ್ಲಿಸಿದ್ದೇನೆ ಅನ್ನುವ ಧೈರ್ಯ ಸುಳ್ಳು.

ಸ್ಪೀಡೋ ಕೇಬಲ್ಲಿನ ನಟ್ಟನ್ನು ಕೈಯಲ್ಲೇ ತಿರುಗಿಸಿ ತೆಗೆಯಿರಿ. ಸ್ಲೇವ್ ಸಿಲಿಂಡರನ್ನು ಪೈಪು ಬಿಚ್ಚದೆ ಹಾಗೇ ಹೊರಗೆ ಜಾರಿಸಿ, ತಂತಿಯಲ್ಲಿ ಪಕ್ಕಕ್ಕೆ ಕಟ್ಟಿ. ಪೈಪು ಬಿಚ್ಚದಿದ್ದರೆ ಆಮೇಲೆ ಗಾಳಿ ತೆಗೆಯುವ ಕೆಲಸ ಉಳಿಯಿತು. ಆದರೆ ಇಲ್ಲಿಂದ ಮುಂದೆ ಯಾರೂ ಕ್ಲಚ್ ಪೆಡಲ್ ಒತ್ತಬಾರದು. ಒತ್ತಿದರೆ ಒಳಗಿನ ಪಿಸ್ಟನ್ ಹಾರಿ ಬಂದು ಬ್ರೇಕ್ ಆಯಿಲ್ ಎಲ್ಲ ಕಡೆ ಚೆಲ್ಲುತ್ತದೆ, ಆ ಆಯಿಲ್ ಬಿದ್ದ ಕಡೆ ಬಣ್ಣ ಏಳುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಪೆಡಲ್ ಹಿಂದೆ ಒಂದು ಮರದ ತುಂಡು ಸಿಕ್ಕಿಸಿಬಿಡಿ. ಸೀಟಿಲ್ಲದ ಕಾರು ಕಂಡರೆ ಯಾವ ಮಗುವೂ ಸುಮ್ನೆ ಇರಲ್ಲ.

ಗೇರನ್ನು ನ್ಯೂಟ್ರಲ್ಲಿಗೆ ತಂದು, ಗೇರ್ ಲಿವರ್ ಕೂತಿರುವ ಉದ್ದ ಭಾಗವನ್ನು ಮೇಲಿನ ಮುಚ್ಚಳದ ಸಮೇತ ಬಿಚ್ಚಿ ಎತ್ತಿ. ಇದು ಹೋದರೆ ಗೇರ್ ಬಾಕ್ಸ್ ಗಿಡ್ಡವಾಗುತ್ತದೆ, ಡ್ಯಾಶ್‌ಬೋರ್ಡಿನ ಕೆಳಗೆ ಓರೆ ಮಾಡಲು ಜಾಗ ಸಿಗುತ್ತದೆ. ತೆರೆದ ಬಾಯಿಗೆ ಶುದ್ಧ ಬಟ್ಟೆ ತುರುಕಬೇಡಿ, ನೂಲು ಒಳಗೆ ಹೋಗುತ್ತದೆ. ರಟ್ಟು ಕತ್ತರಿಸಿ ಟೇಪ್ ಹಾಕಿ ಮುಚ್ಚಿ.

ಗಾಡಿಯ ಕೆಳಗೆ

ಈಗ ಮುಂಭಾಗ ಎತ್ತಿ ಚಾಸಿಯ ಉದ್ದನೆಯ ಕಂಬಿಗಳ ಕೆಳಗೆ ಸ್ಟ್ಯಾಂಡ್ ಕೊಡಿ. ಕೆಳಗೆ ಹೋಗುವ ಮೊದಲು ಗಾಡಿಯನ್ನು ಒಮ್ಮೆ ಜೋರಾಗಿ ಅಲುಗಿಸಿ. ಬೀಳುವುದಾದರೆ ಈಗಲೇ ಬೀಳಲಿ.

ಗೇರ್ ಆಯಿಲ್ ಇಳಿಸಿ. ಒಂದು ಲೀಟರಿಗಿಂತ ಕಡಿಮೆಯೇ ಇರುತ್ತದೆ. ಇಳಿಸದಿದ್ದರೆ ಗೇರ್ ಬಾಕ್ಸ್ ಓರೆಯಾದ ಕೂಡಲೇ ಅದು ನಿಮ್ಮ ತೊಡೆಯ ಮೇಲೆ ಇಳಿಯುತ್ತದೆ. ಸೈಲೆನ್ಸರ್ ಪೈಪನ್ನು ಗೇರ್ ಬಾಕ್ಸಿಗೆ ಹಿಡಿದಿರುವ ಕ್ಲ್ಯಾಂಪ್ ಬಿಚ್ಚಿ. ಸೆಲ್ಫ್ ಮೋಟಾರಿಗೆ ಎರಡು ಬೋಲ್ಟು. ವೈರ್ ತೆಗೆದು ಮೋಟಾರನ್ನು ಮುಂದಕ್ಕೆ ಎಳೆದು ಹೊರಗಿಡಿ.

ಎಂಜಿನ್ ಸಂಪಿನ ಹಿಂಭಾಗಕ್ಕೆ ಮರದ ತುಂಡು ಇಟ್ಟು ಜಾಕ್ ಕೊಡಿ. ಎತ್ತಲು ಅಲ್ಲ, ಆನಿಸಲು ಮಾತ್ರ. ಸಂಪು ಬರೀ ತಗಡು, ಜಾಸ್ತಿ ಒತ್ತಿದರೆ ತಗ್ಗು ಬೀಳುತ್ತದೆ. ಈ ಆನಿಕೆ ಇಲ್ಲದಿದ್ದರೆ ಗೇರ್ ಬಾಕ್ಸ್ ಹೊರಬಂದ ಮರುಕ್ಷಣ ಎಂಜಿನ್ ಹಿಂದಕ್ಕೆ ವಾಲುತ್ತದೆ.

ಆಮೇಲೆ ಗೇರ್ ಬಾಕ್ಸಿನ ಹಿಂದಿನ ರಬ್ಬರ್ ಮೌಂಟಿಂಗ್, ಅದಾದಮೇಲೆ ಎಂಜಿನ್ನಿಗೆ ಸೇರಿಸಿರುವ ಸುತ್ತಲಿನ ನಟ್ಟು ಬೋಲ್ಟುಗಳು. ಕೆಳಗಿನವು ಕೆಳಗಿನಿಂದ, ಮೇಲಿನವು ಒಳಗಿಂದ. ಕೆಲವಕ್ಕೆ ಒಬ್ಬರು ಆ ಕಡೆ ಹಿಡಿದುಕೊಂಡರೆ ಮಾತ್ರ ಇನ್ನೊಬ್ಬರು ಈ ಕಡೆ ತಿರುಗಿಸಬಹುದು. ಒಂದೆರಡು ಹಠ ಮಾಡುತ್ತವೆ. ಹಿಂದಿನ ರಾತ್ರಿಯೇ ಸ್ಪ್ರೇ ಹೊಡೆದಿಟ್ಟಿದ್ದರೆ ಬೆಳಿಗ್ಗೆ ಬೈಗುಳ ಕಡಿಮೆ. ಮೇಲಿನ ಒಂದು ಬೋಲ್ಟನ್ನು ಪೂರ್ತಿ ತೆಗೆಯದೆ ಸಡಿಲ ಮಾಡಿ ಬಿಟ್ಟಿರಿ. ಎಲ್ಲರೂ ತಯಾರಾಗಿ ನಿಂತ ಮೇಲೆ ಅದನ್ನು ತೆಗೆಯುವುದು.

ಎಳೆಯುವುದು

ಗೇರ್ ಬಾಕ್ಸ್ 25 ಕೆಜಿ ಅಕ್ಕಿ ಮೂಟೆಗಿಂತ ಭಾರ ಅನ್ನಿಸುತ್ತದೆ, ಮತ್ತು ಮೂಟೆಯ ಹಾಗೆ ಹಿಡಿತಕ್ಕೆ ಸಿಗಲ್ಲ. ಎರಡು ಜನ ಬೇಕು. ಒಬ್ಬರು ಒಳಗೆ ಮಂಡಿಯೂರಿ ಹಿಂಭಾಗ ಹಿಡಿಯಬೇಕು, ಇನ್ನೊಬ್ಬರು ಬಾಗಿಲ ಕಡೆಯಿಂದ ಮುಂಭಾಗ ಹಿಡಿಯಬೇಕು.

"ಭಾವ, ನೀವು ಬಾಗಿಲ ಹತ್ರ ನಿಲ್ಲಿ, ನಾನು ಒಳಗಿರ್ತೀನಿ."

"ನಿಂಗೆ ಸೊಂಟ ನೋವಲ್ವಾ?"

"ನಿಮಗೆ ಹೊಟ್ಟೆ ಅಡ್ಡ ಬರುತ್ತಲ್ಲ ಭಾವ."

ಹೀಗೆ ಜಾಗ ಹಂಚಿಕೊಂಡ ಮೇಲೆ ನೇರವಾಗಿ ಹಿಂದಕ್ಕೆ ಎಳೆಯಿರಿ. ನೇರವಾಗಿ ಅನ್ನುವುದನ್ನು ಎರಡು ಸಲ ಓದಿ. ಗೇರ್ ಬಾಕ್ಸಿನ ಮುಂದಿನ ಶಾಫ್ಟ್ ಕ್ಲಚ್ ಪ್ಲೇಟಿನ ಹಲ್ಲುಗಳ ಒಳಗೆ ಹೋಗಿ, ಅದರ ತುದಿ ಕ್ರ್ಯಾಂಕಿನ ಹಿಂದಿನ ಸಣ್ಣ ಕಂಚಿನ ಬುಷ್‌ನಲ್ಲಿ ಕೂತಿರುತ್ತದೆ. ಅರ್ಧ ಎಳೆದು "ಒಂದು ನಿಮಿಷ, ಕೈ ಬದಲಾಯಿಸ್ತೀನಿ" ಅಂತ ಬಿಟ್ಟರೆ ಇಡೀ ಭಾರ ಪ್ಲೇಟಿನ ಮೇಲೆ ನೇತಾಡುತ್ತದೆ, ಪ್ಲೇಟ್ ಸೊಟ್ಟಗಾಗುತ್ತದೆ. ಹಳೇ ಪ್ಲೇಟ್ ಹೇಗೂ ಎಸೆಯುವುದೇ ಅನ್ನಬಹುದು, ಆದರೆ ವಾಪಸ್ ಕೂರಿಸುವಾಗ ಹೊಸದಕ್ಕೂ ಇದೇ ಗತಿ. ಬರದಿದ್ದರೆ ಎಡಕ್ಕೆ ಬಲಕ್ಕೆ ಸ್ವಲ್ಪ ಅಲುಗಿಸುತ್ತಾ ಎಳೆಯಿರಿ. ಎಂಜಿನ್ನಿಗೂ ಗೇರ್ ಬಾಕ್ಸಿಗೂ ಮಧ್ಯೆ ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ಅಲ್ಯೂಮಿನಿಯಂ ಕಚ್ಚು ಬೀಳುತ್ತದೆ. ಪೂರ್ತಿ ಬರ್ತಾನೇ ಇಲ್ಲ ಅಂದರೆ ಎಲ್ಲೋ ಒಂದು ಬೋಲ್ಟ್ ಮರೆತಿದ್ದೀರಿ. ರಟ್ಟು ನೋಡಿ.

ಶಾಫ್ಟ್ ಹೊರಬಂದ ಕೂಡಲೇ ಮೂತಿ ಮೇಲೆತ್ತಿ, ಪಕ್ಕಕ್ಕೆ ಹೊರಳಿಸಿ, ಗೋಣಿ ಹಾಸಿದ ನೆಲದ ಮೇಲೆ ಒಂದು ಸಲ ಇಳಿಸಿ ಉಸಿರು ತಗೊಳ್ಳಿ. ಆಮೇಲೆ ಬಾಗಿಲಿನಿಂದ ಹೊರಗೆ. ಬಾಗಿಲ ಹೊಸ್ತಿಲಿಗೂ ಗೋಣಿ ಹಾಸಿರಬೇಕು, ಬಣ್ಣ ಉಳಿಯಬೇಕಲ್ಲ.

ಆರು ಬೋಲ್ಟು

ಈಗ ಒಳಗೆ ಬಗ್ಗಿ ನೋಡಿದರೆ ಫ್ಲೈವೀಲು, ಅದರ ಮೇಲೆ ಕ್ಲಚ್ ಕವರ್, ಎಲ್ಲದರ ಮೇಲೂ ಕರೀ ಹುಡಿ. ಊದಬೇಡಿ. ಟೈರಿಗೆ ಗಾಳಿ ಹಾಕುವ ಪಂಪ್ ತಂದು ಹೊಡೆಯುವವರನ್ನು ನೋಡಿದ್ದೇನೆ, ದಯವಿಟ್ಟು ಬೇಡ. ಹಳೇ ಕ್ಲಚ್ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಅದರ ಹುಡಿ ಉಸಿರಿನಲ್ಲಿ ಹೋದರೆ ಅಲ್ಲೇ ಉಳಿಯುತ್ತದೆ, ಎಷ್ಟೋ ವರ್ಷ ಆದಮೇಲೆ ಶ್ವಾಸಕೋಶದ ಕ್ಯಾನ್ಸರ್‌ವರೆಗೂ ತರಬಹುದು. ಮಾಸ್ಕ್ ಹಾಕಿ, ಸೋಪು ನೀರು ಸ್ಪ್ರೇ ಮಾಡಿ, ಹುಡಿ ಒದ್ದೆಯಾದ ಮೇಲೆ ಬಟ್ಟೆಯಲ್ಲಿ ಒರೆಸಿ. ಆ ಬಟ್ಟೆಯನ್ನು ಒದ್ದೆ ಇರುವಾಗಲೇ ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಕಟ್ಟಿ. ಒಲೆಗೆ ಹಾಕಬೇಡಿ. ಕಣದಲ್ಲಿ ಚೆಲ್ಲಿದ್ದನ್ನೂ ಗುಡಿಸದೆ ಒದ್ದೆ ಬಟ್ಟೆಯಲ್ಲೇ ತೆಗೆಯಿರಿ, ನಾಳೆ ಅಲ್ಲಿ ಕಾಫಿ ಹರಡುತ್ತೀರಿ.

ಅದೇ ಕ್ಲಚ್ ಕವರ್ ವಾಪಸ್ ಹಾಕುವ ಯೋಚನೆ ಇದ್ದರೆ ಸೆಂಟರ್ ಪಂಚಿನಿಂದ ಕವರಿಗೂ ಫ್ಲೈವೀಲಿಗೂ ಒಂದೊಂದು ಗುರುತು ಹೊಡೆಯಿರಿ. ಬೋಲ್ಟ್ ತಿರುಗಿಸಿದರೆ ಫ್ಲೈವೀಲೂ ಜೊತೆಗೆ ತಿರುಗುತ್ತದೆ. ಅದರ ಹಲ್ಲಿಗೆ ದೊಡ್ಡ ಸ್ಕ್ರೂಡ್ರೈವರ್ ಕೊಟ್ಟು ಒಬ್ಬರು ಹಿಡಿದುಕೊಳ್ಳಲಿ.

ಆರನ್ನೂ ಒಂದೊಂದಾಗಿ ಪೂರ್ತಿ ಬಿಚ್ಚಬಾರದು. ಒಳಗೆ ಸ್ಪ್ರಿಂಗ್‌ಗಳು ಒತ್ತಿ ಕೂತಿವೆ. ಒಂದು ಕಡೆ ಪೂರ್ತಿ ಬಿಚ್ಚಿದರೆ ಕವರ್ ಸೊಟ್ಟಗಾಗುತ್ತದೆ. ಒಂದನ್ನು ಅರ್ಧ ಸುತ್ತು, ಎದುರಿನದನ್ನು ಅರ್ಧ ಸುತ್ತು, ಹೀಗೆ ಸುತ್ತಿ ಸುತ್ತಿ ಬನ್ನಿ. ಐದಾರು ಸುತ್ತು ಬರುವಷ್ಟರಲ್ಲಿ ಬೋಲ್ಟುಗಳು ಕೈಯಲ್ಲೇ ತಿರುಗುವಷ್ಟು ಹಗುರಾಗುತ್ತವೆ. ಕೊನೆಯದನ್ನು ತೆಗೆಯುವಾಗ ಕೆಳಗೆ ಅಂಗೈ ಒಡ್ಡಿರಿ, ಪ್ಲೇಟ್ ಜಾರಿ ಬೀಳುತ್ತದೆ. ಪ್ಲೇಟಿನ ಯಾವ ಮುಖ ಫ್ಲೈವೀಲ್ ಕಡೆಗಿತ್ತು ಅಂತ ಫೋಟೋ ತೆಗೆದಿಡಿ.

ಏನಾಗಿತ್ತು ಅಂತ ನೋಡುವುದು

ಬಿಚ್ಚಿದ್ದು ಇದಕ್ಕೇ ಅಲ್ವಾ, ಅವಸರ ಮಾಡಬೇಡಿ. ಪ್ಲೇಟನ್ನು ಬೆಳಕಿಗೆ ಹಿಡಿಯಿರಿ. ರಿವಿಟ್‌ಗಳ ತಲೆ ಲೈನಿಂಗಿನ ಒಳಗೆ ಆಳದಲ್ಲಿರಬೇಕು. ನಮ್ಮದರಲ್ಲಿ ಒಂದು ಬದಿ ಉಗುರು ತಾಗುವಷ್ಟೂ ಆಳ ಇರಲಿಲ್ಲ. ಎರಡು ರಿವಿಟ್ ಹೊಳೆಯುತ್ತಿದ್ದವು, ಅಂದರೆ ಆಗಲೇ ಫ್ಲೈವೀಲಿಗೆ ಉಜ್ಜಿದ್ದವು.

ಲೈನಿಂಗ್ ದಪ್ಪ ಇದ್ದೂ ಜಾರಿದ್ದರೆ ಎಣ್ಣೆ ಬಿದ್ದಿರುತ್ತದೆ. ಯಾವ ಎಣ್ಣೆ? ಬೆರಳಿಗೆ ಹಚ್ಚಿ ಮೂಸಿ. ಗಂಧಕದ, ಕೊಳೆತ ಈರುಳ್ಳಿಯಂಥ ಘಾಟು ಬಂದರೆ ಅದು ಗೇರ್ ಆಯಿಲ್, ಗೇರ್ ಬಾಕ್ಸಿನ ಮುಂದಿನಿಂದ ಸೋರಿದೆ. ಕಪ್ಪಗೆ ತೆಳ್ಳಗಿದ್ದು ಸುಟ್ಟ ವಾಸನೆ ಇದ್ದರೆ ಎಂಜಿನ್ ಆಯಿಲ್, ಕ್ರ್ಯಾಂಕಿನ ಹಿಂಭಾಗದಿಂದ ಬಂದಿದೆ. ಸೋರುವುದನ್ನು ನಿಲ್ಲಿಸದೆ ಹೊಸ ಪ್ಲೇಟ್ ಹಾಕುವುದು ತೂತು ಕೊಡಕ್ಕೆ ನೀರು ತುಂಬಿದ ಹಾಗೆ.

ಫ್ಲೈವೀಲಿನ ಮುಖದಲ್ಲಿ ನೀಲಿ ಕಲೆ, ಕೂದಲೆಳೆಯಂಥ ಬಿರುಕು, ಉಗುರಿಗೆ ತಾಗುವ ಗೆರೆ ಇದ್ದರೆ ಲೇತ್‌ಗೆ ಕೊಡಬೇಕು. ಬರೀ ಹೊಳಪಾಗಿದ್ದರೆ ಎಮರಿ ಪೇಪರ್ ಸಾಕು. ರಿಲೀಸ್ ಬೇರಿಂಗನ್ನು (ಪೆಡಲ್ ಒತ್ತಿದಾಗ ಕ್ಲಚ್ ಕವರನ್ನು ಒತ್ತಿ ಪ್ಲೇಟ್ ಬಿಡಿಸುವ ಬೇರಿಂಗ್) ಕಿವಿ ಹತ್ತಿರ ಹಿಡಿದು ತಿರುಗಿಸಿ. ಮರಳು ಅರೆದ ಸದ್ದು ಬಂದರೆ ಬದಲಾಯಿಸಿ. ತೊಳೆಯುತ್ತೇನೆ ಅಂತ ಪೆಟ್ರೋಲಿಗೆ ಹಾಕಬೇಡಿ, ಒಳಗಿನ ಗ್ರೀಸ್ ಕರಗಿ ಹೋಗುತ್ತದೆ. ಬೇರಿಂಗ್ ತಳ್ಳುವ ಫೋರ್ಕಿನ ಪಿನ್ನೂ ನೋಡಿ. ಅಲ್ಲಿ ಸವೆದರೆ ಪೆಡಲ್ ಒತ್ತಿದ ಅರ್ಧ ದೂರ ಆ ಸಡಿಲಕ್ಕೇ ಹೋಗುತ್ತದೆ. ಕ್ರ್ಯಾಂಕಿನ ಕಂಚಿನ ಬುಷ್‌ಗೆ ಬೆರಳು ಹಾಕಿ ನೋಡಿ, ಮೊಟ್ಟೆಯಾಕಾರ ಆಗಿದ್ದರೆ ಹೊಸದು.

ಹೊಸ ಪ್ಲೇಟ್ ಸಿಗದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಹಳೇ ಪ್ಲೇಟಿನ ಮಧ್ಯಭಾಗ, ಅದರ ಸ್ಪ್ರಿಂಗು, ಹಲ್ಲು ಚೆನ್ನಾಗಿದ್ದರೆ ಹೊಸ ಲೈನಿಂಗ್ ರಿವಿಟ್ ಹೊಡೆದು ಕೊಡುವವರು ಇದ್ದಾರೆ. ಆಸ್ಬೆಸ್ಟಾಸ್ ಇಲ್ಲದ ಲೈನಿಂಗ್ ಕೇಳಿ ಹಾಕಿಸಿ.

ವಾಪಸ್ ಹಾಕುವಾಗ

ಬಿಚ್ಚಿದ್ದನ್ನು ಹಿಂದುಮುಂದಾಗಿ ಮಾಡುವುದು, ಅಷ್ಟೇ. ಎರಡು ವಿಷಯ ಮಾತ್ರ ಹೇಳುತ್ತೇನೆ.

ಕ್ಲಚ್ ಕವರ್ ಬಿಗಿ ಮಾಡುವ ಮುಂಚೆ ಪ್ಲೇಟ್ ಸರಿಯಾಗಿ ಮಧ್ಯಕ್ಕೆ ಬರಬೇಕು. ಇಲ್ಲದಿದ್ದರೆ ಗೇರ್ ಬಾಕ್ಸಿನ ಶಾಫ್ಟ್ ಒಳಗೆ ಹೋಗುವುದೇ ಇಲ್ಲ, ಭಾರ ಹೊತ್ತುಕೊಂಡು ಒದ್ದಾಡುತ್ತೀರಿ. ಇದಕ್ಕೆ ಬೇರೆ ಟೂಲ್ ಬರುತ್ತದೆ, ನಮ್ಮ ಹತ್ತಿರ ಇರಲಿಲ್ಲ. ನೆಟ್ಟಗಿರುವ ಒಂದು ಕಾಫಿ ಗಿಡದ ಕೋಲು ತಗೊಂಡು, ತುದಿಯನ್ನು ಕ್ರ್ಯಾಂಕಿನ ಬುಷ್‌ಗೆ ಸರಿಯಾಗಿ ಕೂರುವಷ್ಟು ಕೆತ್ತಿ, ಅದರ ಹಿಂದೆ ಪ್ಲೇಟಿನ ತೂತು ತುಂಬುವವರೆಗೆ ಇನ್ಸುಲೇಶನ್ ಟೇಪ್ ಸುತ್ತಿದೆವು. ಕಾಫಿ ಮರ ಗಟ್ಟಿ, ಬಾಗಲ್ಲ. ಕೋಲು ತೂರಿಸಿ, ಪ್ಲೇಟ್ ಅದರ ಮೇಲೆ ನಿಲ್ಲಿಸಿ, ಆರು ಬೋಲ್ಟನ್ನೂ ಅರ್ಧರ್ಧ ಸುತ್ತಿನಲ್ಲಿ ಬಿಗಿ ಮಾಡಿ ಕೋಲು ಎಳೆದುಕೊಂಡೆವು. ಗೇರ್ ಬಾಕ್ಸ್ ಎರಡನೇ ಪ್ರಯತ್ನಕ್ಕೆ ಕೂತಿತು.

ಗೇರ್ ಆಯಿಲ್ ತರುವಾಗ ಜಿಎಲ್-4 ದರ್ಜೆಯ ಇಪಿ 90 ಕೇಳಿ. ಜಿಎಲ್-5 ದುಬಾರಿ, ಆದ್ದರಿಂದ ಒಳ್ಳೆಯದು ಅಂತ ಅಂಗಡಿಯವರು ಕೊಡಬಹುದು. ಈ ಹಳೇ ಗೇರ್ ಬಾಕ್ಸಿನ ಒಳಗೆ ಹಿತ್ತಾಳೆ ಕಂಚಿನ ಭಾಗಗಳಿವೆ, ಅವಕ್ಕೆ ಅದು ಒಗ್ಗಲ್ಲ.

ಕವರ್ ಮುಚ್ಚಿ ಸೀಟು ಕೂರಿಸುವ ಮೊದಲು ರಟ್ಟನ್ನು ಒಮ್ಮೆ ತಂದು ನೋಡಿ. ನಮ್ಮ ರಟ್ಟಿನಲ್ಲಿ ಒಂದು ಬೋಲ್ಟ್ ಉಳಿದಿತ್ತು, ಸೆಲ್ಫ್ ಮೋಟಾರಿನ ಮೇಲಿನದು. ಭಾವ ಆಗಲೇ ಕೈ ತೊಳೆದು ಕಾಫಿ ಲೋಟ ಹಿಡಿದಿದ್ದರು. ಲೋಟ ಕಟ್ಟೆಯ ಮೇಲಿಟ್ಟು, ಏನೂ ಮಾತಾಡದೆ, ಮತ್ತೆ ಗಾಡಿಯ ಕೆಳಗೆ ಹೋದರು.